ತೀರ್ಪುಗಾರನಿಲ್ಲದ ಆಟಗಳು

ಫಿಲಿಪ್ಪೀನ್ಸಿನ ಸಾಂಪ್ರದಾಯಿಕ ಮಕ್ಕಳ ಆಟಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು, ಕಳೆದುಹೋದ ಬಾಲ್ಯವನ್ನು ನೆನೆದು ಮರುಗುವ ದಾರಿ. ಇನ್ನೊಂದು, ಈ ಆಟಗಳಿಂದ ಕಾಲಿನ ಬಲ, ಕಣ್ಣು ಕೈಗಳ ಹೊಂದಾಣಿಕೆ, ಎಣಿಕೆಯ ಚುರುಕುತನ ಹೇಗೆಲ್ಲ ಹೆಚ್ಚುತ್ತವೆ ಎಂದು ಪಟ್ಟಿ ಒಪ್ಪಿಸುವ ದಾರಿ. ಎರಡರಲ್ಲಿಯೂ ಸುಳ್ಳಿಲ್ಲ. ಆದರೆ ಉದ್ಯೋಗದ ನಿಮಿತ್ತ ಕೆಲವು ವರ್ಷ ಮನಿಲಾ ಮಹಾನಗರದ ಕೆಸೋನ್ ಸಿಟಿಯಲ್ಲಿ ಸಂಸಾರ ಹೂಡಿದ್ದು, ಸಂಜೆ ಹೊತ್ತಿನಲ್ಲಿ ಮನೆಯೆದುರಿನ ಗಲ್ಲಿಯ ಆಟಗಳನ್ನು ಕಿಟಕಿಯಿಂದಲೂ ಮೆಟ್ಟಿಲ ಮೇಲಿಂದಲೂ ನೋಡುತ್ತಿದ್ದ ನನಗೆ, ಈ ಎರಡೂ ದಾರಿಗಳು ಮುಖ್ಯವಾದುದೊಂದನ್ನು ಬಿಟ್ಟು ಮುಂದೆ ಸಾಗುತ್ತವೆ ಎನ್ನಿಸಿದೆ. ಆ ಆಟಗಳಲ್ಲಿ ದೊಡ್ಡವರು ಯಾರೂ ಇರುತ್ತಿರಲಿಲ್ಲ. ಆಟ ಶುರುವಾಗುವುದು, ನಡೆಯುವುದು, ನಡುವೆ ಕೆಡುವುದು, ಕೆಟ್ಟದ್ದು ಮತ್ತೆ ಸರಿಹೋಗುವುದು, ಎಲ್ಲವೂ ಮಕ್ಕಳ ಕೈಯಲ್ಲಿಯೇ ಇತ್ತು. ಈ ಆಟಗಳಿಂದ ಮಕ್ಕಳಿಗೆ ಸಿಗುವುದರಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ. ಅದನ್ನು ತೋರಿಸಬೇಕಾದರೆ ಆಟಗಳ ಒಳಗೆ ಸ್ವಲ್ಪ ವಿವರವಾಗಿಯೇ ಇಳಿಯಬೇಕಾಗುತ್ತದೆ.

ತುಂಬಾಂಗ್ ಪ್ರೆಸೊ ಎಂಬ ಆಟವನ್ನು ತೆಗೆದುಕೊಳ್ಳೋಣ. ಅದಕ್ಕೆ ಬೇಕಾದದ್ದು ಒಂದು ಖಾಲಿ ತಗಡಿನ ಡಬ್ಬಿ ಮತ್ತು ಎಲ್ಲರ ಕಾಲಲ್ಲಿ ಹೇಗೂ ಇರುವ ರಬ್ಬರ್ ಚಪ್ಪಲಿ. ನೆಲದ ಮೇಲೆ ಸಣ್ಣದೊಂದು ವೃತ್ತ ಬರೆದು ಅದರೊಳಗೆ ಡಬ್ಬಿಯನ್ನು ನಿಲ್ಲಿಸುತ್ತಾರೆ, ಕೆಲವು ಮಾರು ದೂರದಲ್ಲಿ ಒಂದು ಗೆರೆ ಎಳೆಯುತ್ತಾರೆ. ನಮ್ಮ ಆಟಗಳಲ್ಲಿ 'ಕಳ್ಳ' ಆಗುವವನನ್ನು ಅಲ್ಲಿ ತಾಯಾ ಎನ್ನುತ್ತಾರೆ. ಅವನು ಡಬ್ಬಿಯ ಕಾವಲುಗಾರ. ಉಳಿದವರು ಗೆರೆಯ ಹಿಂದೆ ನಿಂತು ಒಬ್ಬೊಬ್ಬರಾಗಿ ಚಪ್ಪಲಿ ಎಸೆದು ಡಬ್ಬಿಯನ್ನು ಉರುಳಿಸಲು ನೋಡುತ್ತಾರೆ. ಗುರಿ ತಪ್ಪಿದವನ ಚಪ್ಪಲಿ ಅಂಗಳದ ನಡುವೆ ಬಿದ್ದಿರುತ್ತದೆ, ಅದನ್ನು ತರಲು ಅವನು ಗೆರೆ ದಾಟಲೇಬೇಕು. ಡಬ್ಬಿ ನೆಟ್ಟಗೆ ನಿಂತಿರುವಷ್ಟು ಹೊತ್ತು ದಾಟಿದವನನ್ನು ತಾಯಾ ಮುಟ್ಟಬಹುದು, ಡಬ್ಬಿ ಉರುಳಿದ್ದರೆ ಮುಟ್ಟುವಂತಿಲ್ಲ. ಉರುಳಿದ ಡಬ್ಬಿಯನ್ನು ಅವನು ಮೊದಲು ತಂದು ವೃತ್ತದೊಳಗೆ ನಿಲ್ಲಿಸಬೇಕು, ಆಮೇಲೆ ಬೆನ್ನಟ್ಟಬೇಕು.

ಇಷ್ಟೇ ನಿಯಮ. ಆದರೆ ಇದರೊಳಗೆ ಎಷ್ಟು ಲೆಕ್ಕಾಚಾರ ಅಡಗಿದೆ ಎಂಬುದು ಕೊಂಚ ಹೊತ್ತು ನಿಂತು ನೋಡಿದರೆ ತಿಳಿಯುತ್ತದೆ. ನಾಲ್ಕು ಮಂದಿಯ ಚಪ್ಪಲಿಗಳು ಅಂಗಳದಲ್ಲಿ ಬಿದ್ದಿವೆ, ಎಸೆಯಲು ಉಳಿದಿರುವುದು ಒಬ್ಬಳು ಹುಡುಗಿ ಮಾತ್ರ. ಅವಳ ಎಸೆತ ತಗುಲಿದರೆ ನಾಲ್ವರಿಗೂ ಬಿಡುಗಡೆ, ತಪ್ಪಿದರೆ ಐವರೂ ಬರಿಗಾಲಲ್ಲಿ ನಿಂತು ತಾಯಾನ ಕಣ್ಣು ತಪ್ಪಿಸುವ ಉಪಾಯ ಹುಡುಕಬೇಕು. ಆಗ ಒಬ್ಬ ಎಡಗಡೆ ಓಡಿದಂತೆ ನಟಿಸಿ ತಾಯಾನನ್ನು ಡಬ್ಬಿಯಿಂದ ದೂರ ಸೆಳೆಯುತ್ತಾನೆ, ಇನ್ನೊಬ್ಬ ಬಲಗಡೆಯಿಂದ ನುಗ್ಗಿ ಎರಡು ಚಪ್ಪಲಿಗಳನ್ನು ಬಾಚಿಕೊಂಡು ಬರುತ್ತಾನೆ. ತಾಯಾನಿಗೂ ಸಂಕಟವೇ: ಡಬ್ಬಿಯ ಹತ್ತಿರವೇ ನಿಂತರೆ ಯಾರೂ ಸಿಗುವುದಿಲ್ಲ, ಬಿಟ್ಟು ಹೋದರೆ ಡಬ್ಬಿ ಉಳಿಯುವುದಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ, ಆಟದಲ್ಲಿ ಮಗು ತಕ್ಷಣ ಓಡಬೇಕೆಂಬ ತನ್ನ ಆಸೆಯನ್ನು ನಿಯಮಕ್ಕಾಗಿ ತಾನಾಗಿಯೇ ತಡೆದುಕೊಳ್ಳುತ್ತದೆ, ಏಕೆಂದರೆ ಹಾಗೆ ತಡೆದುಕೊಳ್ಳುವುದರಲ್ಲಿಯೇ ಆಟದ ದೊಡ್ಡ ಸುಖವಿದೆ ಎಂಬ ಅರ್ಥದ ಮಾತು ಹೇಳಿದ್ದರು. ಎದುರಿಗೆ ಬಿದ್ದಿರುವ ಚಪ್ಪಲಿಯನ್ನು ನೋಡುತ್ತ, ಒಂದು ಕಾಲನ್ನು ಗೆರೆಯ ಮೇಲಿಟ್ಟು, ಓಡದೆ ನಿಂತಿರುವ ಎಂಟು ವರ್ಷದ ಹುಡುಗನಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಪತಿಂತೆರೊ ಇದಕ್ಕಿಂತ ಶಿಸ್ತಿನ ಆಟ. ನೆಲದ ಮೇಲೆ ಉದ್ದನೆಯ ಚೌಕಟ್ಟೊಂದನ್ನು ಬರೆದು, ಅದನ್ನು ಅಡ್ಡಗೆರೆಗಳಿಂದಲೂ ನಡುವೆ ಒಂದು ಉದ್ದಗೆರೆಯಿಂದಲೂ ಮನೆಗಳಾಗಿ ವಿಭಾಗಿಸುತ್ತಾರೆ. ಕಾಯುವ ತಂಡದವರು ಒಂದೊಂದು ಅಡ್ಡಗೆರೆಯ ಮೇಲೆ ನಿಲ್ಲುತ್ತಾರೆ, ಅವರ ಪಾದ ಗೆರೆ ಬಿಟ್ಟು ಆಚೆ ಹೋಗುವಂತಿಲ್ಲ. ಅವರ ಮುಖ್ಯಸ್ಥನಿಗೆ ಪತೊತೊತ್ ಎಂಬ ಹೆಸರು, ನಡುವಿನ ಉದ್ದಗೆರೆಯ ಮೇಲೆ ಓಡಾಡುವ ಹಕ್ಕು ಅವನೊಬ್ಬನಿಗೇ. ಎದುರು ತಂಡದವರು ಮುಟ್ಟಿಸಿಕೊಳ್ಳದೆ ಈ ತುದಿಯಿಂದ ಆ ತುದಿಗೆ ದಾಟಿ, ಮತ್ತೆ ಹಿಂದಿರುಗಬೇಕು. ಒಬ್ಬ ಸಿಕ್ಕಿಬಿದ್ದರೂ ಇಡೀ ತಂಡದ ಸರದಿ ಮುಗಿಯಿತು. ಮಣ್ಣಿನ ಅಂಗಳದಲ್ಲಿ ನೀರು ಚೆಲ್ಲಿ ಗೆರೆ ಎಳೆಯುವ ರೂಢಿಯಿಂದ ಇದಕ್ಕೆ ತುಬಿಗಾನ್ ಎಂಬ ಹೆಸರೂ ಇದೆ, ಬಿಸಾಯಾ ದ್ವೀಪಗಳಲ್ಲಿ ತುಬಿಗ್ ತುಬಿಗ್ ಎನ್ನುತ್ತಾರೆ. ವಿದ್ಯುತ್ ಇಲ್ಲದ ಕಾಲದಲ್ಲಿ ಹಳ್ಳಿಗಳ ಮಕ್ಕಳು ಬೆಳದಿಂಗಳ ರಾತ್ರಿಗಳಿಗಾಗಿ ಕಾದಿದ್ದು ಇದನ್ನು ಆಡುತ್ತಿದ್ದರು ಎಂದು ಅಲ್ಲಿನ ಹಿರಿಯರೆಲ್ಲ ಹೇಳುತ್ತಾರೆ.

ಇದನ್ನು ಮೊದಲ ಸಲ ನೋಡಿದಾಗ ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಆಟ್ಯಾಪಾಟ್ಯಾ ನೆನಪಾಗದೆ ಇರುವುದಿಲ್ಲ. ಮಲೇಷ್ಯಾದಲ್ಲಿ ಇದೇ ಬಗೆಯ ಆಟಕ್ಕೆ ಗಾಲಾ ಪಂಜಾಂಗ್ ಎಂದೂ ಜಾವಾದಲ್ಲಿ ಗೋಬಾಕ್ ಸೋದೋರ್ ಎಂದೂ ಹೆಸರು. ಯಾರು ಯಾರಿಂದ ಕಲಿತರು ಎಂಬ ಪ್ರಶ್ನೆಯನ್ನು ವಿದ್ವಾಂಸರಿಗೆ ಬಿಡೋಣ. ಮಕ್ಕಳಿಗೆ ಬೇಲಿಯಿಲ್ಲದ ನೆಲ ಮತ್ತು ಒಂದು ಗೆರೆ ಸಿಕ್ಕಿದರೆ, ಅದನ್ನು ಕಾಯುವ ಮತ್ತು ದಾಟುವ ಆಸೆ ಎಲ್ಲಿಯಾದರೂ ತಾನಾಗಿಯೇ ಹುಟ್ಟಬಹುದು.

ಇನ್ನು ಜಿಗಿಯುವ ಆಟಗಳು. ಲುಕ್ಸೋಂಗ್ ತಿನಿಕ್‌ನಲ್ಲಿ ಇಬ್ಬರು ಎದುರುಬದುರಾಗಿ ಕಾಲು ಚಾಚಿ ಅಂಗಾಲುಗಳನ್ನು ಜೋಡಿಸಿ ಕೂರುತ್ತಾರೆ, ಉಳಿದವರು ಅವುಗಳ ಮೇಲಿಂದ ಹಾರುತ್ತಾರೆ. ಎಲ್ಲರೂ ಹಾರಿದ ಮೇಲೆ ಒಂದು ಪಾದದ ಮೇಲೆ ಇನ್ನೊಂದು ಪಾದ, ಅದರ ಮೇಲೆ ಗೇಣು ಚಾಚಿದ ಕೈ, ಅದರ ಮೇಲೆ ಇನ್ನೊಂದು ಕೈ ಹೀಗೆ ತಿನಿಕ್, ಅಂದರೆ ಮುಳ್ಳಿನ ಬೇಲಿ ಏರುತ್ತ ಹೋಗುತ್ತದೆ. ಲುಕ್ಸೋಂಗ್ ಬಾಕಾದಲ್ಲಿ ಒಬ್ಬ ಹುಡುಗ ಹಸುವಾಗಿ ಬಗ್ಗಿ ನಿಂತಿರುತ್ತಾನೆ. ಮೊದಲು ನೆಲಕ್ಕೆ ಹತ್ತಿ ಕುಳಿತವನು ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪವೇ ಏಳುತ್ತಾನೆ. ಎರಡೂ ಆಟಗಳಲ್ಲಿ ಕಷ್ಟ ಒಂದೇ ಸಲಕ್ಕೆ ಮೈಮೇಲೆ ಬೀಳುವುದಿಲ್ಲ, ನಿನ್ನೆ ಎಲ್ಲಿಯವರೆಗೆ ಬಂದೆ ಎಂಬುದು ಆಡುವವರಿಗೆಲ್ಲ ಗೊತ್ತಿರುತ್ತದೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಲುಕ್ಸೋಂಗ್ ತಿನಿಕ್‌ನ 'ತಾಯಿ'. ಪ್ರತಿ ತಂಡವೂ ತನ್ನಲ್ಲಿ ಎಲ್ಲರಿಗಿಂತ ಎತ್ತರ ಹಾರಬಲ್ಲವಳನ್ನು ತಾಯಿ ಎಂದು ಆರಿಸುತ್ತದೆ. ತಂಡದ ಯಾರಾದರೂ ಎಡವಿದರೆ ಅವರ ಪರವಾಗಿ ಅವಳು ಮತ್ತೊಮ್ಮೆ ಹಾರಿ ಅವರನ್ನು ಉಳಿಸುತ್ತಾಳೆ. ಬಲವಿದ್ದವರಿಗೆ ಬಹುಮಾನ ಕೊಡುವ ಆಟಗಳು ಲೋಕದ ತುಂಬ ಇವೆ. ಬಲವಿದ್ದವಳಿಗೆ ಹೆಚ್ಚಿನ ಹೊಣೆ ಹೊರಿಸಿ, ಅವಳ ಕೀರ್ತಿಯನ್ನು ಅವಳು ಉಳಿಸಿದ ಮಕ್ಕಳ ಲೆಕ್ಕದಲ್ಲಿ ಅಳೆಯುವ ಆಟ ಅಷ್ಟು ಸುಲಭವಾಗಿ ಕಾಣಸಿಗುವುದಿಲ್ಲ.

ಆದರೆ ನಾನು ಹೇಳಹೊರಟ ವಿಷಯ ಆಟದ ನಡುವಿನದಕ್ಕಿಂತಲೂ ಹೆಚ್ಚಾಗಿ ಆಟದ ಅಂಚುಗಳಿಗೆ ಸೇರಿದ್ದು: ಆಟ ಶುರುವಾಗುವ ಮೊದಲಿನ ಹತ್ತು ನಿಮಿಷ ಮತ್ತು ಆಟ ನಿಂತುಹೋಗುವ ಜಗಳದ ಗಳಿಗೆಗಳು.

ಮೊದಲು ತಾಯಾ ಯಾರೆಂದು ತೀರ್ಮಾನವಾಗಬೇಕು. ಎಲ್ಲರೂ ಗುಂಪಾಗಿ ನಿಂತು ಅಂಗೈ ಮೇಲೆ ಅಥವಾ ಕೆಳಗೆ ಮಾಡಿ ಕೈ ಚಾಚುತ್ತಾರೆ, ಬೇರೆಯಾಗಿ ಬಂದವರು ಪಾರಾಗುತ್ತಾರೆ. ಕೊನೆಗೆ ಇಬ್ಬರು ಉಳಿದಾಗ ಜಾಕೆನ್‌ಪೊಯ್, ಅಂದರೆ ಕಲ್ಲು, ಕಾಗದ, ಕತ್ತರಿ. ಸೋತವನೇ ಕೋತಿ ಎಂಬ ಪ್ರಾಸದ ಹಾಡು ಜೊತೆಗೆ. ಆಮೇಲೆ ನಿಯಮಗಳ ಚರ್ಚೆ. ಡಬ್ಬಿ ಅಲುಗಾಡಿ ವೃತ್ತದೊಳಗೇ ನಿಂತರೆ ಉರುಳಿದಂತೆಯೋ ಅಲ್ಲವೋ? ಗೇಟಿನ ಒಳಗೆ ಹೋದ ಚಪ್ಪಲಿಯನ್ನು ತರಲು ವಿನಾಯಿತಿ ಉಂಟೋ ಇಲ್ಲವೋ? ಟ್ರೈಸಿಕಲ್ ಬಂದಾಗ ಆಟ ನಿಲ್ಲಬೇಕಲ್ಲ, ಮತ್ತೆ ಶುರುವಾಗುವುದು ಎಲ್ಲಿಂದ? ಗಲ್ಲಿಯಿಂದ ಗಲ್ಲಿಗೆ ಇವುಗಳ ಉತ್ತರ ಬೇರೆ ಬೇರೆ, ಆದ್ದರಿಂದ ಪಕ್ಕದ ಬೀದಿಯ ಹೊಸ ಹುಡುಗ ಬಂದ ದಿನ ಎಲ್ಲವನ್ನೂ ಮತ್ತೆ ಮಾತಾಡಿಕೊಳ್ಳಬೇಕು. ಆಟದ ನಡುವೆ ಚಪ್ಪಲಿಯ ಬಾರು ಕಿತ್ತುಬಂದರೆ, ಮೂತ್ರಕ್ಕೆ ಹೋಗಬೇಕಾದರೆ, ಅಮ್ಮ ಕೂಗಿದರೆ 'ತಾಯಿಂಪರ್ಸ್' ಎಂದು ಕೂಗಬೇಕು. ನಮ್ಮ ಬೆಂಗಳೂರು, ಮೈಸೂರಿನ ಮಕ್ಕಳ 'ಟೈಂ ಪ್ಲೀಸ್' ಇದ್ದಂತೆಯೇ. ಅದನ್ನು ದುರುಪಯೋಗ ಮಾಡಿದವನಿಗೆ ಮೋಸಗಾರ ಎಂಬ ಹೆಸರು ಬೀಳುತ್ತದೆ, ಆ ಹೆಸರು ಬೇಗ ಹೋಗುವುದಿಲ್ಲ.

ಸ್ವಿಟ್ಸರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ನ್ಯೂಶಾಟೆಲ್ ಮತ್ತು ಜಿನೀವಾ ಮಕ್ಕಳ ಗೋಲಿಯಾಟವನ್ನು ಗಮನಿಸಿ 1932ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹತ್ತು ನಿಮಿಷಗಳನ್ನು ಅರ್ಥಮಾಡಿಕೊಳ್ಳಲು ಇವತ್ತಿಗೂ ನೆರವಾಗುತ್ತದೆ. ಚಿಕ್ಕ ಮಕ್ಕಳು ನಿಯಮವನ್ನು ಹಿರಿಯರಿಂದ ಬಂದ, ಬದಲಿಸಬಾರದ ಕಟ್ಟಳೆಯೆಂದು ನಂಬಿರುತ್ತಾರೆ, ಆದರೂ ಆಡುವಾಗ ತಮಗೆ ತೋಚಿದಂತೆ ಆಡುತ್ತಾರೆ. ಹತ್ತು ಹನ್ನೊಂದು ವರ್ಷದ ಹೊತ್ತಿಗೆ ನಿಯಮವೆಂದರೆ ನಾವೆಲ್ಲ ಒಪ್ಪಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದಾದದ್ದು ಎಂದು ಅರಿಯುತ್ತಾರೆ, ಆಗಲೇ ಅದನ್ನು ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಾರೆ. ಈ ಬದಲಾವಣೆ ಯಾರೋ ಬೋಧಿಸುವುದರಿಂದ ಆಗುವುದಲ್ಲ, ಸಮಾನರ ನಡುವಿನ ಸಹಕಾರದಿಂದ ಆಗುವುದು ಎಂಬುದು ಅವರ ವಾದ. ಅವರ ಹಂತಗಳ ಲೆಕ್ಕವನ್ನು ಅನಂತರ ಬಂದವರು ಸಾಕಷ್ಟು ತಿದ್ದಿದ್ದಾರೆ, ಆದರೆ ಈ ಮೂಲವಾದ ಮಾತನ್ನು ಅಲ್ಲಗಳೆಯುವುದು ಕಷ್ಟ. ಕೆಸೋನ್ ಸಿಟಿಯ ನಮ್ಮ ಗಲ್ಲಿಯಲ್ಲಿ ಏಳು ವರ್ಷದವರಿಂದ ಹದಿಮೂರು ವರ್ಷದವರವರೆಗೆ ಒಟ್ಟಿಗೆ ಆಡುತ್ತಿದ್ದರು. ದೊಡ್ಡ ಹುಡುಗನನ್ನು ಕುಯಾ, ದೊಡ್ಡ ಹುಡುಗಿಯನ್ನು ಆತೆ ಎಂದೇ ಚಿಕ್ಕವರು ಕರೆಯುತ್ತಿದ್ದರು. ಜಗಳ ಹತ್ತಿದಾಗ ತೀರ್ಪು ಬರುತ್ತಿದ್ದುದು ಹೆಚ್ಚಾಗಿ ಆ ಆತೆಗಳ ಬಾಯಿಂದ, ಮತ್ತು ಆ ತೀರ್ಪು ಅನ್ಯಾಯವೆನ್ನಿಸಿದರೆ ಚಿಕ್ಕವರು ಚಪ್ಪಲಿ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಆಡುವವರೇ ಇಲ್ಲದಿದ್ದರೆ ಆಟವೂ ಇಲ್ಲ, ಆದ್ದರಿಂದ ಹಿರಿಯ ಮಕ್ಕಳ ಅಧಿಕಾರಕ್ಕೆ ತಾನಾಗಿಯೇ ಒಂದು ಕಡಿವಾಣವಿತ್ತು. ಶಾಲೆಯ ಪೌರನೀತಿ ಪುಸ್ತಕದಲ್ಲಿ ಇದನ್ನು ಕಲಿಸಲು ಎಷ್ಟೋ ಪುಟ ಬೇಕಾಗುತ್ತದೆ.

ಈ ವ್ಯವಸ್ಥೆಯ ಅತ್ಯಂತ ಚೆಲುವಾದ ಭಾಗ ಸಾಲಿಂಗ್ ಪೂಸಾ. ಆಡುವ ಆಸೆಯಿದ್ದರೂ ಓಡಲು, ಎಸೆಯಲು ಇನ್ನೂ ಬಾರದ ನಾಲ್ಕೈದು ವರ್ಷದ ಮಗುವನ್ನು ಫಿಲಿಪ್ಪೀನ್ಸಿನ ಮಕ್ಕಳು ಓಡಿಸುವುದಿಲ್ಲ. ಆ ಮಗು ಆಟದಲ್ಲಿ ಇರುತ್ತದೆ, ಓಡುತ್ತದೆ, ಕಿರುಚುತ್ತದೆ, ಆದರೆ ಮುಟ್ಟಿದರೂ ಔಟಾಗುವುದಿಲ್ಲ, ತಾಯಾ ಆಗುವುದಿಲ್ಲ. ನಾವು ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವುದು ಇಂಥವರನ್ನೇ. ನನ್ನ ಮಗಳು ಅಲ್ಲಿಗೆ ಹೋದಾಗ ತಗಾಲೋಗ್ ಭಾಷೆಯ ಒಂದು ಮಾತೂ ಬಾರದವಳು, ಅವಳನ್ನು ಗಲ್ಲಿಯ ಮಕ್ಕಳು ಸೇರಿಸಿಕೊಂಡದ್ದು ಈ ಬಾಗಿಲಿನಿಂದಲೇ. ವಯಸ್ಸಿನಲ್ಲಿ ಅವಳು ಅಷ್ಟು ಚಿಕ್ಕವಳೇನೂ ಆಗಿರಲಿಲ್ಲ, ಭಾಷೆಯಲ್ಲಿ ಆಗಿದ್ದಳು. ಯಾವ ದಿನ ಅವಳು ಲೆಕ್ಕಕ್ಕೂ ಬಂದಳೆಂದು ಯಾರೂ ಘೋಷಿಸಲಿಲ್ಲ. ಒಂದು ಸಂಜೆ ಅವಳನ್ನು ಮುಟ್ಟಿದ ಹುಡುಗ ಬಿಟ್ಟುಕೊಡಲಿಲ್ಲ, ಅವಳು ಅಳುತ್ತ ತಾಯಾ ಆದಳು, ಅಷ್ಟೆ. ಒಳಗೊಳ್ಳುವಿಕೆಯ ಬಗ್ಗೆ ಶಿಕ್ಷಣ ತಜ್ಞರು ಆಡುವ ಮಾತುಗಳನ್ನು ನಾನು ಗೌರವದಿಂದಲೇ ಓದುತ್ತೇನೆ. ಆದರೆ ಕಲಿಯುವವನನ್ನು ಅಂಚಿನಲ್ಲಿ ಕೂರಿಸದೆ, ಸೋಲಿನ ಭಾರ ಹೊರಿಸದೆ, ಆಟದ ನಡುವೆಯೇ ಬಿಟ್ಟು, ಕಾಲ ಬಂದಾಗ ಸದ್ದಿಲ್ಲದೆ ಲೆಕ್ಕಕ್ಕೆ ಸೇರಿಸಿಕೊಳ್ಳುವ ಈ ಏರ್ಪಾಡಿಗೆ ಸಮನಾದುದನ್ನು ನಾನು ಯಾವ ತರಗತಿಯಲ್ಲಿಯೂ ಕಂಡಿಲ್ಲ.

ಹಾಗೆಂದು ಗಲ್ಲಿಯನ್ನು ಸ್ವರ್ಗವೆಂದು ಬಣ್ಣಿಸುವುದು ಬೇಡ. ಒಂದೇ ಮಗು ಮತ್ತೆ ಮತ್ತೆ ತಾಯಾ ಆಗಿ ಬಿಡಿಸಿಕೊಳ್ಳಲಾರದೆ ಒದ್ದಾಡಿದರೆ ಅದಕ್ಕೆ ಬುರೋತ್ ಎಂಬ ಹಣೆಪಟ್ಟಿ ಬೀಳುತ್ತದೆ, ಉಳಿದವರು ಅದನ್ನು ರಾಗವಾಗಿ ಹಾಡುತ್ತಾರೆ. ದಪ್ಪಗಿರುವ, ಕಾಲು ನೋವಿರುವ, ಕನ್ನಡಕ ಹಾಕುವ ಮಕ್ಕಳು ಇದನ್ನು ಬೇರೆಯವರಿಗಿಂತ ಹೆಚ್ಚು ಕೇಳಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಅನ್ನಕ್ಕಿಡುವ ಹೊತ್ತಿಗೆ ಮನೆಯಿಂದ ಕರೆ ಬರುತ್ತದೆ, ಗಂಡುಮಕ್ಕಳ ಆಟ ಕತ್ತಲಾಗುವವರೆಗೂ ನಡೆಯುತ್ತದೆ. ಮಕ್ಕಳ ಕೈಯಲ್ಲಿ ಆಡಳಿತ ಬಿಟ್ಟರೆ ಅವರು ತಮ್ಮ ಸುತ್ತಲಿನ ಸಮಾಜದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ತರುತ್ತಾರೆ. ಇದನ್ನು ಕಂಡೂ ನಾನು ಗಲ್ಲಿಯ ಪರವೇ ಇದ್ದೇನೆ.

ಕೂತು ಆಡುವ ಆಟಗಳಲ್ಲಿ ಸುಂಗ್ಕಾಕ್ಕೆ ಅಲ್ಲಿ ಮೊದಲ ಸ್ಥಾನ. ದೋಣಿಯಾಕಾರದ ಮರದ ಹಲಗೆಯಲ್ಲಿ ಏಳು ಏಳು ಗುಳಿಗಳ ಎರಡು ಸಾಲು, ಎರಡು ತುದಿಗಳಲ್ಲಿ ಗೆದ್ದ ಕಾಯಿಗಳನ್ನು ಕೂಡಿಡಲು ಒಂದೊಂದು ದೊಡ್ಡ ಗುಳಿ. ಗುಳಿಗೆ ಏಳರಂತೆ 98 ಕವಡೆಗಳು. ನಮ್ಮ ಅಳಗುಳಿಮಣೆಯನ್ನು, ಕರಾವಳಿಯ ಚೆನ್ನೆಮಣೆಯನ್ನು ಬಲ್ಲವರಿಗೆ ಇದು ದೂರದ ನೆಂಟನಂತೆ ತೋರುತ್ತದೆ: ಅದೇ ಹದಿನಾಲ್ಕು ಗುಳಿ, ಅದೇ ಒಂದೊಂದಾಗಿ ಬಿತ್ತುತ್ತ ಹೋಗುವ ಕೈ. ನಮ್ಮಲ್ಲಿ ಹುಣಸೆಬೀಜವೋ ಗುಲಗಂಜಿಯೋ ಇದ್ದ ಕಡೆ ಅಲ್ಲಿ ಸಮುದ್ರದ ಕವಡೆ. ಜೆಸ್ಯೂಟ್ ಪಾದ್ರಿ ಹೋಸೆ ಸಾಂಚೆಸ್ 17ನೆಯ ಶತಮಾನದ ಕೊನೆಯಲ್ಲಿ ಸಿದ್ಧಪಡಿಸಿದ ಬಿಸಾಯಾ ನಿಘಂಟಿನಲ್ಲಿ ಕುಂಗಿತ್ ಎಂಬ ಹೆಸರಿನಲ್ಲಿ ಈ ಆಟದ ಉಲ್ಲೇಖವಿದೆ, ಅಂದರೆ ಮುನ್ನೂರು ವರ್ಷಕ್ಕೂ ಹಿಂದೆಯೇ ಅದು ಅಲ್ಲಿ ನೆಲೆಯೂರಿತ್ತು. ಸುಂಗ್ಕಾದ ಮೊದಲ ಸುತ್ತಿನಲ್ಲಿ ಇಬ್ಬರೂ ಏಕಕಾಲಕ್ಕೆ ಆಡತೊಡಗುತ್ತಾರೆ. ತನ್ನ ಕೈಯನ್ನೂ ಎದುರಾಳಿಯ ಕೈಯನ್ನೂ ಒಟ್ಟಿಗೆ ಗಮನಿಸಬೇಕಾದ ಆ ಗಡಿಬಿಡಿಯಲ್ಲಿ ಅಜ್ಜಿಯರೇ ಮೊಮ್ಮಕ್ಕಳನ್ನು ಸೋಲಿಸುವುದನ್ನು ನಾನು ಕಂಡಿದ್ದೇನೆ. ಮುಂದಿನ ಸುತ್ತಿಗೆ ತುಂಬಲು ಕವಡೆ ಸಾಲದ ಗುಳಿ ಸುಟ್ಟುಹೋದಂತೆ, ಅದರಲ್ಲಿ ಕಾಯಿ ಹಾಕುವಂತಿಲ್ಲ. ಮನೆಯೊಳಗೆ ಸುಂಗ್ಕಾ ಆಡಿದರೆ ಮನೆಗೇ ಬೆಂಕಿ ಬೀಳುತ್ತದೆ ಎಂಬ ಹಳೆಯ ನಂಬಿಕೆಯೂ ಇದೆ. ಆಟಿ ತಿಂಗಳಿನಲ್ಲಿ ಚೆನ್ನೆಮಣೆ ಹೊರತೆಗೆಯುವ ತುಳುನಾಡಿನವರಿಗೆ ಇಂಥ ಕಟ್ಟುಪಾಡುಗಳು ಹೊಸವಲ್ಲ.

ಈ ಆಟಗಳನ್ನು ಅಲ್ಲಿ ಲಾರೋ ನಂಗ್ ಲಾಹಿ, ಅಂದರೆ ಜನಾಂಗದ ಆಟಗಳು ಎಂದು ಹೆಮ್ಮೆಯಿಂದ ಕರೆಯುವುದುಂಟು. ಹೆಮ್ಮೆ ಸರಿಯೇ, ಆದರೆ ಶುದ್ಧಿಯ ಮಾತು ಬಂದರೆ ಮಾತ್ರ ನಾನು ಒಪ್ಪಲಾರೆ. ಸ್ಪೇನ್ 1565ರಿಂದ 1898ರವರೆಗೆ ಆಳಿದ ನಾಡು ಅದು. ಪ್ರೆಸೊ, ಕುಂಟೆಬಿಲ್ಲೆಯಂಥ ಪೀಕೊ, ಬುಗುರಿಯಾಟವಾದ ತ್ರುಂಪೊ, ಎಣ್ಣೆ ಸವರಿದ ಬಿದಿರು ಹತ್ತುವ ಪಾಲೊ ಸೆಬೊ, ಹೆಸರುಗಳಲ್ಲಿಯೇ ಸ್ಪೇನ್ ಕುಳಿತಿದೆ. ಜಾಕೆನ್‌ಪೊಯ್ ಜಪಾನಿನ ಜಾನ್‌ಕೆನ್‌ನಿಂದ ಬಂದದ್ದು. ಎಪ್ಪತ್ತು ಎಂಬತ್ತರ ದಶಕದಲ್ಲಿ ಬೆಳೆದವರು ಸಾಂಪ್ರದಾಯಿಕ ಎಂದು ನೆನೆಯುವ ಹುಡುಗಿಯರ ಜಿಗಿತದ ಆಟಕ್ಕೆ ಚೈನೀಸ್ ಗಾರ್ಟರ್ ಎಂದೇ ಹೆಸರು, ಅದಕ್ಕೆ ಬೇಕಾದ ಎಲಾಸ್ಟಿಕ್ ಕಾರ್ಖಾನೆಯದು. ಮಕ್ಕಳು ಬಂದುದನ್ನೆಲ್ಲ ತೆಗೆದುಕೊಂಡು ತಮ್ಮ ಗಲ್ಲಿಗೆ ಹೊಂದಿಸಿಕೊಂಡರು. ಮೆಲ್ಲಿ ಲಿಯಾಂಡಿಚೊ ಲೋಪೆಜ್ ಅವರಂಥ ಜಾನಪದ ವಿದ್ವಾಂಸರು ದ್ವೀಪ ದ್ವೀಪಗಳ ಆಟಗಳನ್ನು ಸಂಗ್ರಹಿಸಿ ವಿಂಗಡಿಸಿರದಿದ್ದರೆ ಈ ವೈವಿಧ್ಯದ ಬಹುಭಾಗ ಬರಹಕ್ಕೆ ಸಿಗುತ್ತಲೇ ಇರಲಿಲ್ಲ.

ಅಮೆರಿಕನ್ನರು ಬಂದದ್ದು ಬೇರೆ ಬಗೆಯಲ್ಲಿ. 1901ರಲ್ಲಿ ಥಾಮಸ್ ಎಂಬ ಹಡಗಿನಲ್ಲಿ ಸುಮಾರು 500 ಮಂದಿ ಶಿಕ್ಷಕರು ಮನಿಲಾದಲ್ಲಿ ಇಳಿದರು, ಸರ್ಕಾರಿ ಶಾಲೆಗಳು ಹರಡಿದವು, ಅವುಗಳೊಂದಿಗೆ ಸೀಟಿ, ಅಂಕಣ, ತಂಡದ ಅಂಗಿ, ಅಂತರಶಾಲಾ ಪಂದ್ಯ ಇವೆಲ್ಲ ಬಂದವು. 1910ರ ಸುಮಾರಿಗೆ ವೈಎಂಸಿಎ ಮೂಲಕ ಕಾಲಿಟ್ಟ ಬಾಸ್ಕೆಟ್‌ಬಾಲ್ ಇಂದು ಅಲ್ಲಿ ಆಟವಷ್ಟೇ ಅಲ್ಲ, ಹುಚ್ಚು. ನಮ್ಮ ಗ್ರಾಮ ಪಂಚಾಯಿತಿ, ವಾರ್ಡುಗಳಿಗೆ ಹೋಲಿಸಬಹುದಾದ ಬರಂಗಾಯ್‌ಗಳಲ್ಲಿ ಬಾಸ್ಕೆಟ್‌ಬಾಲ್ ಅಂಕಣವಿಲ್ಲದ ಒಂದನ್ನು ಹುಡುಕುವುದೇ ಕಷ್ಟ. ತೆಂಗಿನಮರಕ್ಕೆ ಮೊಳೆ ಹೊಡೆದ ಬಳೆಯಿಂದ ಹಿಡಿದು ಚಾವಣಿ ಹಾಕಿದ ಸಿಮೆಂಟ್ ಅಂಗಳದವರೆಗೆ ಅದರ ನಾನಾ ರೂಪಗಳಿವೆ. ಸೀಸದ ಬಿಲ್ಲೆಗೆ ದಾರದ ಕುಚ್ಚು ಕಟ್ಟಿ ನೆಲಕ್ಕೆ ಬೀಳದಂತೆ ಒದೆಯುವ ಸಿಪಾ ಬಹುಕಾಲ ರಾಷ್ಟ್ರೀಯ ಕ್ರೀಡೆ ಎಂದೇ ಹೆಸರಾಗಿತ್ತು. 2009ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಆ ಪಟ್ಟವನ್ನು ಬೆತ್ತದ ಕೋಲಿನ ಸಮರಕಲೆಯಾದ ಆರ್ನಿಸ್‌ಗೆ ಕೊಟ್ಟಿತು. ಆ ಕಾನೂನಿನಿಂದ ಸಿಪಾ ಒದೆಯುವ ಹುಡುಗರಿಗೆ ಏನೂ ನಷ್ಟವಾಗಲಿಲ್ಲ. ಅವರಿಗೆ ನಷ್ಟವಾದದ್ದು ಬೇರೆ ಕಾರಣಗಳಿಂದ.

ಮನಿಲಾ ನಗರದ ಜನಸಾಂದ್ರತೆ ಚದರ ಕಿಲೋಮೀಟರಿಗೆ 40,000ಕ್ಕೂ ಹೆಚ್ಚು. ಗಲ್ಲಿಯಲ್ಲಿ ನಿಲ್ಲಿಸಿದ ಒಂದು ಕಾರು ಪತಿಂತೆರೊದ ಇಡೀ ಅಂಗಳವನ್ನು ನುಂಗುತ್ತದೆ. ಒಂದು ಪೆಸೊ ನಾಣ್ಯ ಹಾಕಿದರೆ ಕೆಲವು ನಿಮಿಷ ಕಂಪ್ಯೂಟರ್ ಕೊಡುವ ಪಿಸೊನೆಟ್ ಪೆಟ್ಟಿಗೆಗಳು ಬಡವರ ಬೀದಿಗಳಿಗೂ ಬಂದವು, ಅನಂತರ ಮೊಬೈಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2016ರವರೆಗಿನ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ 11ರಿಂದ 17 ವರ್ಷದವರಲ್ಲಿ ಸುಮಾರು ಶೇ 81ರಷ್ಟು ಮಂದಿಗೆ ದಿನಕ್ಕೆ ಒಂದು ಗಂಟೆಯ ದೈಹಿಕ ಚಟುವಟಿಕೆಯೂ ಇರಲಿಲ್ಲ. ಫಿಲಿಪ್ಪೀನ್ಸಿನಲ್ಲಿ ಆ ಪ್ರಮಾಣ ಶೇ 93ನ್ನು ಮುಟ್ಟಿ ದಕ್ಷಿಣ ಕೊರಿಯಾದ ನಂತರದ ಸ್ಥಾನದಲ್ಲಿತ್ತು. ಬಾಸ್ಕೆಟ್‌ಬಾಲ್ ಅಂಕಣಗಳಿಂದ ತುಂಬಿದ ದೇಶದಲ್ಲಿ ಹೀಗೆ ಎಂದರೆ ಅಚ್ಚರಿಯೆನ್ನಿಸಬಹುದು, ಆದರೆ ಅಂಕಣದಲ್ಲಿ ಹತ್ತು ಮಂದಿ ಆಡುತ್ತಾರೆ, ನೂರು ಮಂದಿ ನೋಡುತ್ತಾರೆ. ಆಮೇಲೆ ಸಾಂಕ್ರಾಮಿಕ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಬೆರಳೆಣಿಕೆಯವು ಮಾತ್ರ 2021ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ತೆರೆದವು, ಮಕ್ಕಳು ಹೊರಗೆ ಬರುವುದಕ್ಕೂ ದೀರ್ಘಕಾಲ ನಿರ್ಬಂಧವಿತ್ತು. ಹಿರಿಯ ಮಕ್ಕಳಿಂದ ಕಿರಿಯರಿಗೆ ಹರಿದು ಬರುವ ವಿದ್ಯೆಗೆ ಇಂಥ ಎರಡು ವರ್ಷಗಳ ತಡೆ ಸಣ್ಣದಲ್ಲ. ಹನ್ನೆರಡರ ಆತೆ ಹದಿನಾಲ್ಕಾಗಿ ಆಟ ಬಿಟ್ಟಳು, ಆರರ ಸಾಲಿಂಗ್ ಪೂಸಾ ಎಂಟಾಯಿತು, ನಡುವೆ ಕೈ ಬದಲಾಗಬೇಕಾದದ್ದು ಬದಲಾಗಲಿಲ್ಲ.

ಉಳಿಸುವ ಪ್ರಯತ್ನಗಳೂ ಇವೆ, ಅವನ್ನು ನಾನು ಹಗುರಾಗಿ ಕಾಣುವುದಿಲ್ಲ. ಮಾಗ್ನಾ ಕುಲ್ತುರಾ ಎಂಬ ಪ್ರತಿಷ್ಠಾನ ಊರೂರುಗಳಲ್ಲಿ ಲಾರೋಂಗ್ ಪಿನೊಯ್ ಹೆಸರಿನಲ್ಲಿ ಆಟಗಳನ್ನು ಏರ್ಪಡಿಸುತ್ತ ಬಂದಿದೆ. ಪ್ರಾಥಮಿಕ ಶಾಲೆಗಳ ದೈಹಿಕ ಶಿಕ್ಷಣದ ಪಠ್ಯದಲ್ಲಿ ತುಂಬಾಂಗ್ ಪ್ರೆಸೊ ಗುರಿಯಿಡುವ ಆಟವಾಗಿಯೂ, ನಮ್ಮ ಚಿನ್ನಿದಾಂಡಿನ ಅಣ್ಣತಮ್ಮನಂತಿರುವ ಸ್ಯಾತೊ ಹೊಡೆಯುವ ಆಟವಾಗಿಯೂ ಸೇರಿವೆ. ಆಗಸ್ಟ್ ತಿಂಗಳ ರಾಷ್ಟ್ರಭಾಷಾ ಆಚರಣೆಯಲ್ಲಿ ಶಾಲೆಗಳು ಈ ಆಟಗಳ ಪಂದ್ಯ ನಡೆಸುವುದು ವಾಡಿಕೆ. ಅಂಥದೊಂದು ಪಂದ್ಯಕ್ಕೆ ಮಗಳ ಶಾಲೆಯಲ್ಲಿ ನಾವೂ ಹೋಗಿದ್ದೆವು. ನೀರಿನ ಗೆರೆಯ ಬದಲು ಬಣ್ಣದ ಟೇಪು ಅಂಟಿಸಿತ್ತು. ಎರಡು ಬಣ್ಣದ ಅಂಗಿಗಳು, ಅಳತೆ ಮಾಡಿ ಬರೆದ ಅಂಗಳ, ಮುದ್ರಿತ ನಿಯಮಗಳ ಹಾಳೆ, ಕೊರಳಲ್ಲಿ ಸೀಟಿ ಹಾಕಿಕೊಂಡ ಶಿಕ್ಷಕರು. ಮುಟ್ಟಿದ್ದು ಹೌದೋ ಅಲ್ಲವೋ ಎಂಬ ಸಂದೇಹ ಬಂದ ಕೂಡಲೇ ಹತ್ತು ಮಕ್ಕಳೂ ಒಟ್ಟಿಗೆ ಶಿಕ್ಷಕರ ಕಡೆ ತಿರುಗಿದರು. ಸಾಲಿಂಗ್ ಪೂಸಾಗೆ ಅಲ್ಲಿ ಜಾಗವಿರಲಿಲ್ಲ, ಏಕೆಂದರೆ ತಂಡದ ಪಟ್ಟಿಯಲ್ಲಿ ಅಂಥ ಕಾಲಮ್ ಇರಲಿಲ್ಲ. ಆಟ ಬಿರುಸಾಗಿಯೇ ನಡೆಯಿತು, ಮಕ್ಕಳು ಖುಷಿಯಾಗಿಯೇ ಇದ್ದರು, ಪದಕವೂ ಸಿಕ್ಕಿತು. ಕಾಲಿನ ಬಲ, ಚುರುಕುತನ, ತಂಡದ ಒಗ್ಗಟ್ಟು ಎಂದು ಪಟ್ಟಿ ಮಾಡುವವರಿಗೆ ಬೇಕಾದುದೆಲ್ಲ ಅಲ್ಲಿತ್ತು.

ಶಾಲೆಯ ಪರವಾಗಿಯೂ ಹೇಳಬೇಕಾದ ಮಾತಿದೆ. ಗೇಟು ಹಾಕಿದ ಬಡಾವಣೆಗಳಲ್ಲಿ ಬೆಳೆಯುವ ಮಕ್ಕಳಿಗೆ ಪತಿಂತೆರೊ ಸಿಗುವುದಿದ್ದರೆ ಶಾಲೆಯಲ್ಲಿ ಮಾತ್ರ. ಬುರೋತ್ ಎಂದು ಹಾಡುವ ಮಕ್ಕಳ ಬಾಯಿ ಮುಚ್ಚಿಸುವುದು, ಗಾಲಿಕುರ್ಚಿಯ ಮಗುವಿಗೂ ಒಂದು ಗೆರೆ ಕೊಡುವುದು, ಹುಡುಗಿಯರನ್ನೂ ಕೊನೆಯ ಸುತ್ತಿನವರೆಗೆ ಆಡಿಸುವುದು ಗಲ್ಲಿಗಿಂತ ಶಾಲೆಯಲ್ಲಿ ಸುಲಭ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಫಿಲಿಪ್ಪೀನ್ಸ್ 1990ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಅದರ 31ನೆಯ ವಿಧಿ ಆಟವನ್ನು ಹಕ್ಕು ಎನ್ನುತ್ತದೆ. ಆ ಹಕ್ಕಿಗೆ ನೆಲ ಮತ್ತು ಹೊತ್ತು ಒದಗಿಸಬಲ್ಲವರು ಶಾಲೆಯವರು ಮತ್ತು ಬರಂಗಾಯ್‌ನವರು. ಬಾಸ್ಕೆಟ್‌ಬಾಲ್ ಲೀಗಿಗಾಗಿ ಬೀದಿಯನ್ನೇ ಮುಚ್ಚಬಲ್ಲ ಬರಂಗಾಯ್ ವಾರಕ್ಕೆರಡು ಸಂಜೆ ಒಂದು ಗಲ್ಲಿಗೆ ಕಾರು ಬಾರದಂತೆ ನೋಡಿಕೊಳ್ಳುವುದು ಆಗದ ಮಾತೇನಲ್ಲ. ಶಾಲೆಯ ಮಟ್ಟಿಗೆ ನನಗಿರುವ ಸಲಹೆ ಇನ್ನೂ ಸಣ್ಣದು. ನಿಯಮದ ಹಾಳೆ ಮುದ್ರಿಸುವುದು ಬೇಡ, ಬೇರೆ ಬೇರೆ ತರಗತಿಯ ಮಕ್ಕಳನ್ನು ಬೆರೆಸಿ ಬಿಡಿ, ಗೆರೆಯನ್ನು ಅವರೇ ಎಳೆಯಲಿ, ಶಿಕ್ಷಕರು ಏಟು ಬೀಳದಂತೆ ಮಾತ್ರ ನೋಡಿಕೊಳ್ಳಲಿ. ಇದನ್ನು ಅಲ್ಲಿನ ಶಿಕ್ಷಕಿಯೊಬ್ಬರಿಗೆ ಹೇಳಿದಾಗ ಅವರು ನಕ್ಕು, ಮೊದಲ ಕೆಲವು ವಾರ ಬರೀ ಜಗಳವೇ ನಡೆಯುತ್ತದೆ, ಅಷ್ಟರಲ್ಲಿ ಪೋಷಕರು ಬಂದು ದೂರು ಕೊಡುತ್ತಾರೆ ಎಂದರು. ಅವರ ಮಾತು ನಿಜವಿರಬೇಕು. ಗಲ್ಲಿಯಲ್ಲಿಯೂ ಆಟಕ್ಕಿಂತ ಮೊದಲು ನಡೆಯುತ್ತಿದ್ದುದು ಜಗಳವೇ, ಆದರೆ ಅಲ್ಲಿ ದೂರು ಕೊಡಲು ಯಾರೂ ಇರುತ್ತಿರಲಿಲ್ಲ, ಆದ್ದರಿಂದ ಕತ್ತಲಾಗುವುದರೊಳಗೆ ಆಡಬೇಕಿದ್ದ ಮಕ್ಕಳು ಹೇಗೋ ಒಂದು ಒಪ್ಪಂದಕ್ಕೆ ಬರುತ್ತಿದ್ದರು.